ಒಂದೇ ಗಂಟಲಿನ ಸಂಸಾರ

ನನ್ನ ಪ್ರಯೋಗದಲ್ಲಿ ಹತ್ತು ಹನ್ನೊಂದು ಪಾತ್ರಗಳಿವೆ, ಆಡುವವಳು ನಾನೊಬ್ಬಳೇ. ಜುನಾಗಢದ ಬಡ ಭಕ್ತ ನರಸಿಂಹ ಮೆಹ್ತಾ, ಅವನ ತಾಯಿಯಿಲ್ಲದ ಮಗಳು ಕುಂವರ್‌ಬಾಯಿ, ಅವಳ ಅತ್ತೆ, ಮಾವ, ನಾದಿನಿ, ಅತ್ತೆಗೂ ಅತ್ತೆಯಾದ ಹಲ್ಲಿಲ್ಲದ ಮುದುಕಿ, ಬೀಗರೂರಿನ ಬಾಯಿಬಡಕ ಹೆಂಗಸರು, ಸೇಠನ ವೇಷದಲ್ಲಿ ಬರುವ ಕೃಷ್ಣ, ಅವನ ಜೊತೆ ಲಕ್ಷ್ಮಿ, ಇವರೆಲ್ಲರ ನಡುವೆ ಚಿಪಳಿ ಹಿಡಿದು ಕಥೆ ಹೇಳುವ ನಾನು. 2018ರ ಶ್ರಾವಣದಲ್ಲಿ ಸೂರತ್‌ನ ವೇದಿಕೆಯೊಂದರ ಮೇಲೆ ಇವರೆಲ್ಲರ ದನಿ ಒಟ್ಟಿಗೇ ಹೋಯಿತು. ನಾಟಕ ಕಂಪನಿಯಲ್ಲಿ ಒಬ್ಬ ನಟನಿಗೆ ಗಂಟಲು ಕಟ್ಟಿದರೆ ಇನ್ನೊಬ್ಬ ಆ ಪಾತ್ರ ಕಟ್ಟುತ್ತಾನೆ. ಏಕವ್ಯಕ್ತಿ ಪ್ರಯೋಗದಲ್ಲಿ ಆ ಆಸರೆ ಇಲ್ಲ. ನನಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದನಿಯನ್ನೇ ನೆಚ್ಚಿ ಬದುಕುವ ಕೀರ್ತನಕಾರರು, ಶಿಕ್ಷಕಿಯರು, ಭಜನಾ ಮಂಡಳಿಯ ಹೆಣ್ಣುಮಕ್ಕಳು ಬಹಳ ಜನ ಇದ್ದಾರೆ. ಅವರು ಓದಲಿ ಎಂಬುದು ನನ್ನ ಆಸೆ.

ನಾನು ಧಾರವಾಡದವಳು. ಕಾಲೇಜಿನಲ್ಲಿದ್ದಾಗಲೇ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದೆ. ಮನೆಯಲ್ಲಿ ಭದ್ರಗಿರಿ ಅಚ್ಯುತದಾಸರ, ಗುರುರಾಜುಲು ನಾಯ್ಡು ಅವರ ಹರಿಕಥೆಯ ಕ್ಯಾಸೆಟ್‌ಗಳಿದ್ದವು. ನಾಯ್ಡು ಅವರು ಅರುಣ್‌ಕುಮಾರ್ ಎಂಬ ಹೆಸರಿನಲ್ಲಿ ಸಿನಿಮಾದಲ್ಲಿಯೂ ನಟಿಸಿದವರು. ಅವರ ಕಥೆ ಕೇಳುವಾಗ ಒಬ್ಬರೇ ಮಾತಾಡುತ್ತಿದ್ದಾರೆ ಅನ್ನಿಸುತ್ತಲೇ ಇರಲಿಲ್ಲ. ಅವರ ಹೆಣ್ಣುಮಕ್ಕಳಾದ ಶೋಭಾ ನಾಯ್ಡು, ಶೀಲಾ ನಾಯ್ಡು ಕೂಡ ಹರಿಕಥೆ ಹಿಡಿದರು. ಹೆಂಗಸು ಸಭೆಯ ನಡುವೆ ನಿಂತು ಕಥೆ ಮಾಡಬಹುದು, ಜನ ಕೂತು ಕೇಳುತ್ತಾರೆ ಎಂಬ ಧೈರ್ಯ ನನ್ನ ವಯಸ್ಸಿನವರಿಗೆ ಅಂಥವರಿಂದ ಬಂತು.

ಮದುವೆಯಾಗಿ ಅಹಮದಾಬಾದಿಗೆ ಬಂದೆ. ನಮ್ಮ ಮನೆ ಬೋಡಕ್‌ದೇವ್‌ನಲ್ಲಿ. ಆಗ ಎಸ್‌ಜಿ ಹೈವೇ ದಾಟಿದರೆ ಹೊಲಗಳೇ ಹೆಚ್ಚು, ಈಗಿನ ಗಾಜಿನ ಕಟ್ಟಡಗಳೊಂದೂ ಇರಲಿಲ್ಲ. ಕನ್ನಡದವರೆಂದರೆ ಬ್ಯಾಂಕಿನವರು, ಇಸ್ರೋದವರು, ಹೋಟೆಲ್ ನಡೆಸುವ ಉಡುಪಿ ಕಡೆಯವರು. ಕನಕ ಜಯಂತಿಗೆ ಏನಾದರೂ ಮಾಡಿರಿ ಎಂದು ನಮ್ಮ ಜನ ಕೇಳಿದಾಗ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಒಬ್ಬಳೇ ಆಡಿದೆ. ಅಕ್ಕಿಗೂ ರಾಗಿಗೂ ಜಗಳ, ರಾಮನೇ ನ್ಯಾಯಾಧೀಶ, ಎರಡಕ್ಕೂ ಆರು ತಿಂಗಳ ಸೆರೆ. ಅಕ್ಕಿಗೆ ಬಿಗಿದ ಮೂಗಿನ ದನಿ, ರಾಗಿಗೆ ಹೊಲದಲ್ಲಿ ದುಡಿಯುವ ಹೆಣ್ಣಿನ ತುಂಬು ದನಿ ಕೊಟ್ಟೆ. ಜನ ಬಿದ್ದು ಬಿದ್ದು ನಕ್ಕರು. ಸೆರೆಯಿಂದ ಹೊರಗೆ ಬಂದಾಗ ಅಕ್ಕಿ ಕೆಟ್ಟು ಹೋಗಿ ರಾಗಿ ಗಟ್ಟಿಯಾಗಿ ಉಳಿದ ಜಾಗದಲ್ಲಿ ಅದೇ ಜನ ಕಣ್ಣೊರೆಸಿಕೊಂಡರು. ನನ್ನ ದಾರಿ ಯಾವುದೆಂದು ಅವತ್ತು ಗೊತ್ತಾಯಿತು.

ಎರಡನೆಯ ಪಾಠ ಸಿಕ್ಕಿದ್ದು ವಡೋದರದಲ್ಲಿ. ಅಲ್ಲಿ ಮಾಣಭಟ್ಟರೆಂಬ ಕಥೆಗಾರರ ಪರಂಪರೆ ಇದೆ. ಹೊಟ್ಟೆ ದೊಡ್ಡದಾಗಿ ಬಾಯಿ ಕಿರಿದಾಗಿರುವ ಲೋಹದ ಕೊಡಕ್ಕೆ ‘ಮಾಣ್’ ಅನ್ನುತ್ತಾರೆ. ಬೆರಳುಗಳಿಗೆಲ್ಲ ಉಂಗುರ ತೊಟ್ಟು ಅದರ ಮೇಲೆ ತಾಳ ಹಾಕುತ್ತಾ ಒಬ್ಬರೇ ಕೂತು ಇಡೀ ಆಖ್ಯಾನ ಹಾಡುತ್ತಾರೆ, ಎಲ್ಲರ ಮಾತನ್ನೂ ತಾವೇ ಆಡುತ್ತಾರೆ. ಧಾರ್ಮಿಕ್‌ಲಾಲ್ ಪಂಡ್ಯ ಅವರ ಆಖ್ಯಾನ ಕೇಳಿದ ದಿನ ಊರಿನ ಕೀರ್ತನೆಗೆ ಹೋಗಿ ಕೂತಷ್ಟು ಹತ್ತಿರವೆನಿಸಿತು. ಅವರು ಹಾಡುತ್ತಿದ್ದದ್ದು ಪ್ರೇಮಾನಂದನನ್ನು. 17ನೇ ಶತಮಾನದಲ್ಲಿ ವಡೋದರದಲ್ಲಿ ಬಾಳಿದ ಕವಿ. ಸುದಾಮ, ನಳ, ಉಷೆ ಅನಿರುದ್ಧರ ಕಥೆಗಳನ್ನು ಗುಜರಾತಿಗಳ ಅಡುಗೆಮನೆಗೆ, ಜಗಲಿಗೆ ತಂದು ಕೂರಿಸಿದವನು. ದೇವರ ಕಥೆಯೊಳಗೆ ಇಷ್ಟು ನಗು ತುಂಬಿದವರು ನಮ್ಮಲ್ಲಿಯೂ ಕಡಿಮೆ. ಅವನ ‘ಕುಂವರ್‌ಬಾಯಿ ನು ಮಾಮೇರು’ ಎಂಬ ಆಖ್ಯಾನ ನನ್ನನ್ನು ಹಿಡಿದುಬಿಟ್ಟಿತು.

ಕಥೆ ಸರಳ. ಕುಂವರ್‌ಬಾಯಿಗೆ ಸೀಮಂತ. ತವರಿನವರು ಆಯೇರಿ ತರಬೇಕು, ಅದೇ ಮಾಮೇರು. ಅಪ್ಪನ ಕೈಯಲ್ಲಿ ತಾಳ, ಕೊರಳಲ್ಲಿ ತುಳಸಿಮಾಲೆ ಬಿಟ್ಟರೆ ಕಾಸಿಲ್ಲ. ಎರವಲು ತಂದ ಮುರುಕು ಗಾಡಿಯಲ್ಲಿ, ಬೈರಾಗಿಗಳ ದಂಡು ಕಟ್ಟಿಕೊಂಡು, ಗೋಪಿಚಂದನದ ಗಂಟು ಹೊತ್ತು ಬರುತ್ತಾನೆ. ಬೀಗರು ಸ್ನಾನಕ್ಕೆ ಕುದಿಯುವ ನೀರು ಕೊಟ್ಟು, ತಣ್ಣೀರು ನಿನ್ನ ದೇವರನ್ನು ಕೇಳು ಅನ್ನುತ್ತಾರೆ. ಅವನು ಮಲ್ಹಾರ ಹಾಡುತ್ತಾನೆ, ಮಳೆ ಸುರಿಯುತ್ತದೆ. ಆಮೇಲೆ ಅಜ್ಜಿ ಅತ್ತೆ ಪಟ್ಟಿ ಬರೆಸಲು ಕೂಡುತ್ತಾಳೆ. ಇಷ್ಟು ಸೀರೆ, ಇಷ್ಟು ಬಂಗಾರ, ಇವಳಿಗೊಂದು, ಅವಳಿಗೊಂದು. ಪಟ್ಟಿ ಬೆಳೆಯುತ್ತಾ ಹೋಗಿ ಕೊನೆಗೆ, ಏನೂ ಆಗದಿದ್ದರೆ ಎರಡು ಕಲ್ಲಾದರೂ ತಂದಿಡು ಎಂದು ಅವನ ಬಡತನವನ್ನು ಹಂಗಿಸಿ ಬರೆಸುತ್ತಾಳೆ. ಕೃಷ್ಣ ವ್ಯಾಪಾರಿಯಾಗಿ ಬಂದು ಪಟ್ಟಿಯಲ್ಲಿದ್ದ ಎಲ್ಲವನ್ನೂ ತುಂಬಿಕೊಡುತ್ತಾನೆ. ಆ ಎರಡು ಕಲ್ಲುಗಳನ್ನು ಬಂಗಾರದಲ್ಲಿ ಮಾಡಿಸಿ ತಂದಿರುತ್ತಾನೆ.

ಇದನ್ನು ನಮ್ಮ ಕಡೆಯ ಕೀರ್ತನೆಯ ಕಟ್ಟಿನಲ್ಲಿ ಕೂರಿಸಿದೆ. ಪೂರ್ವರಂಗದಲ್ಲಿ ದಾಸರ ಪದ, ಉತ್ತರರಂಗದಲ್ಲಿ ಕಥೆ, ಕೊನೆಗೆ ಮಂಗಳ. ಮೊದಲು ಕನ್ನಡದಲ್ಲಿ, ಗುಜರಾತಿ ನಾಲಿಗೆಗೆ ಒಗ್ಗಿದ ಮೇಲೆ ಎರಡೂ ಭಾಷೆ ಬೆರೆಸಿ. ಹಾರ್ಮೋನಿಯಂಗೆ ಗದಗ ಕಡೆಯ ಮಾಸ್ತರರು, ತಬಲಾಕ್ಕೆ ವಡೋದರದ ಹುಡುಗ. ನಮ್ಮವರ ಗಣೇಶ ಪೆಂಡಾಲಿನಿಂದ ಶುರುವಾಗಿ ಗುಜರಾತಿಗಳ ಸೊಸೈಟಿಗಳಿಗೆ, ಹವೇಲಿಗಳ ಅಂಗಳಕ್ಕೆ, ವಡೋದರ, ಸೂರತ್, ಅಂಕಲೇಶ್ವರದ ಸಭಾಂಗಣಗಳಿಗೆ ಹೋಯಿತು. ಶ್ರಾವಣ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಗುಜರಾತಿನಲ್ಲಿಯೂ ನಮ್ಮ ಹಾಗೆ ಅಮಾವಾಸ್ಯೆಗೇ ತಿಂಗಳು ಮುಗಿಯುವುದರಿಂದ ನಮ್ಮ ಶ್ರಾವಣ, ಅವರ ಶ್ರಾವಣ ಒಂದೇ.

ವಿರೋಧವೂ ಬಂತು. ರಾಮನವಮಿಯ ಒಂದು ಕಾರ್ಯಕ್ರಮ ಮುಗಿದ ಮೇಲೆ ನಮ್ಮವರೇ ಒಬ್ಬ ಹಿರಿಯರು, “ದೇವರ ಕಥಿಯೊಳಗ ಇಷ್ಟು ನಗಸಬಾರದವ್ವಾ, ಅದೂ ಹೆಣ್ಣುಮಕ್ಕಳು” ಅಂದರು. ನಾನು ಅವರಿಗೆ ಪುರಂದರದಾಸರ ನಿಂದಾಸ್ತುತಿಗಳನ್ನು ನೆನಪಿಸಿದೆ. ಗುಜರಾತಿನ ಭವಾಯಿಯ ಮಾತನ್ನೂ ಹೇಳಿದೆ: 14ನೇ ಶತಮಾನದ ಅಸಾಯಿತ ಠಾಕರನ ಕಾಲದಿಂದ ಅಂಬಾ ಮಾತೆಯ ಎದುರಿಗೇ ನಡೆದುಬಂದಿರುವ ಹಾಸ್ಯದ ಆಟ ಅದು. ಅದರಲ್ಲಿ ಹೆಣ್ಣಿನ ವೇಷವನ್ನು ನೂರಾರು ವರ್ಷ ಗಂಡಸರೇ ಕಟ್ಟಿದರು. ಅಹಮದಾಬಾದಿನ ಒಂದು ರಂಗಮಂದಿರಕ್ಕೆ ಜಯಶಂಕರ ‘ಸುಂದರಿ’ ಅವರ ಹೆಸರಿದೆ. ಸ್ತ್ರೀಪಾತ್ರದಿಂದಲೇ ಆ ಅಡ್ಡಹೆಸರು ಗಳಿಸಿದ ಗಂಡಸು ಅವರು. ಆಮೇಲೆ ದೀನಾ ಪಾಠಕ್ ಅಂಥ ನಟಿಯರು ಬಂದು ಭವಾಯಿಯ ಧಾಟಿಯಲ್ಲೇ ಆಡಿ ತೋರಿಸಿದರು. ಹೆಂಗಸು ನಗಿಸಿದರೆ ಭಕ್ತಿಗೆ ಕುಂದು ಎಂಬ ಮಾತನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಮುದುಕಿಯ ಪಟ್ಟಿಗೆ ಹೊಟ್ಟೆ ಹಿಡಿದು ನಕ್ಕವರಿಗೇ ಎರಡು ಕಲ್ಲಿನ ಮಾತು ಚುಚ್ಚುತ್ತದೆ. ಮೊದಲಿನಿಂದ ಕೈಮುಗಿದು ಬಿಗಿಯಾಗಿ ಕೂತವರಿಗೆ ಚುಚ್ಚುವುದಿಲ್ಲ.

ಆ ಮುದುಕಿಯೇ ನನ್ನ ಪ್ರಯೋಗದ ಜೀವ. ಜನ ಅವಳಿಗಾಗಿಯೇ ಬರುತ್ತಿದ್ದರು. ಗಂಟಲನ್ನು ಹಿಂಡಿ, ನಾಲಿಗೆಯ ಬುಡ ಒತ್ತಿ, ಒಣ ಚರ್ಮ ಕೆರೆದಂತೆ ಬರುವ ಕರಕರ ದನಿ. ಪಟ್ಟಿಯ ದೃಶ್ಯ ಇಡೀ ಕಥೆಯಲ್ಲಿ ಉದ್ದವಾದದ್ದು. ಅದು ಮುಗಿದ ಕೂಡಲೇ ಮೆತ್ತಗಿನ ದನಿಯಲ್ಲಿ ಕುಂವರ್‌ಬಾಯಿ ಅಪ್ಪನ ಮುಂದೆ ಅಳಬೇಕು, ಅಲ್ಲಿಂದ ನೇರ ನರಸಿಂಹನ ತಾರಸ್ಥಾಯಿಯ ಪದ. ಮೂರೂ ಒಂದೇ ಗಂಟಲಿನಿಂದ, ನಡುವೆ ಒಂದು ಗುಟುಕು ನೀರಿಗೂ ಪುರುಸೊತ್ತಿಲ್ಲದ ಹಾಗೆ ಕಟ್ಟಿದ್ದೆ.

2018ರ ಹೋಳಿಯ ನಂತರ ಬೆಳಿಗ್ಗೆ ಏಳುವಾಗ ದನಿ ಗೊಗ್ಗರಾಗಿರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ತಿಳಿಯಾಗುತ್ತಿತ್ತು. ಅಹಮದಾಬಾದಿನ ಬೇಸಿಗೆ, ಧೂಳು, ಮೆಟ್ರೋ ಕೆಲಸ, ಎಲ್ಲರಿಗೂ ಗಂಟಲು ಕೆರೆತ ಇದ್ದೇ ಇತ್ತು. ಮೇ ತಿಂಗಳಿಗೆ ಮೇಲಿನ ಸ್ವರಗಳು ಕೈಕೊಟ್ಟವು. ಮೇಲಿನ ಷಡ್ಜದವರೆಗೆ ಹೋದ ದನಿ ಅಲ್ಲಿಂದ ಮುಂದೆ ಬರೀ ಗಾಳಿಯಾಗುತ್ತಿತ್ತು. ತೋರಿಸಿದ ವೈದ್ಯರು ಆಸಿಡಿಟಿ ಎಂದು ಮಾತ್ರೆ ಕೊಟ್ಟರು, ಬಾಯಿ ಮುಕ್ಕಳಿಸಲು ಹೇಳಿದರು. ಗಂಟಲ ಒಳಗೆ ನಳಿಕೆ ಹಾಕಿ ನೋಡಲಿಲ್ಲ. ಮಾತ್ರೆ ನುಂಗುತ್ತಾ, ಜ್ಯೇಷ್ಠಮಧು ಜಗಿಯುತ್ತಾ ಆಷಾಢ ಕಳೆಯಿತು.

ಸೂರತ್‌ನಲ್ಲಿ ಅವತ್ತು ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ವಯಸ್ಸಾದ ಹೆಂಗಸರು, ಬಹಳ ಜನ ಸೌರಾಷ್ಟ್ರದ ಕಡೆಯವರು. ನರಸಿಂಹ ಮೆಹ್ತಾ ಆ ಸೀಮೆಯವನು, ಅವನ ಕಥೆ ಅವರಿಗೆ ಬಾಯಿಪಾಠ. ಮಳೆಯ ದೃಶ್ಯ ಚೆನ್ನಾಗಿ ಬಂತು. ಮುದುಕಿ ಪಟ್ಟಿಗೆ ಕೂತಳು. ಬಂಗಾರದ ಬಾಬತ್ತು ಮುಗಿಸಿ ಸೀರೆಗಳಿಗೆ ಬಂದಾಗ ಗಂಟಲಿನ ಎಡಗಡೆ ಸೂಜಿ ಚುಚ್ಚಿದಂತಾಯಿತು. ಮುಂದಿನ ಮಾತಿಗೆ ಬಾಯಿ ತೆರೆದರೆ ದನಿಯೇ ಇಲ್ಲ. ಉಸಿರು ಮಾತ್ರ ಹೊರಗೆ ಬಂತು. ಇನ್ನೊಮ್ಮೆ ಒತ್ತಿದೆ, ಏನೂ ಬರಲಿಲ್ಲ.

ಸಭೆ ನಕ್ಕಿತು. ಸಿಟ್ಟಿಗೆ ಮುದುಕಿಯ ಗಂಟಲು ಕಟ್ಟಿದೆ ಎಂದು ಅವರು ತಿಳಿದರು. ನಾನು ಬಾಯಿ ತೆರೆದು ಮುಚ್ಚಿದಷ್ಟೂ ನಗು ಏರಿತು. ಒಬ್ಬ ಅಜ್ಜಿ ಪಕ್ಕದವರ ತೊಡೆ ತಟ್ಟಿ ನಗುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ನನ್ನ ಕೈಕಾಲು ತಣ್ಣಗಾಗಿದ್ದವು. ಇಷ್ಟು ವರ್ಷ ಜನರ ನಗು ಕೇಳಲೆಂದೇ ಬದುಕಿದ್ದವಳಿಗೆ ಆ ನಗು ಮೈಮೇಲೆ ಬಿದ್ದ ಹಾಗೆ ಅನ್ನಿಸಿತು. ಮಾಸ್ತರರ ಕಡೆ ತಿರುಗಿದೆ. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. ತಬಲಾ ನಿಲ್ಲಿಸಲು ಸನ್ನೆ ಮಾಡಿ, ನರಸಿಂಹ ಮೆಹ್ತಾನ ಒಂದು ಪ್ರಭಾತಿಯ, ಅಂದರೆ ಬೆಳಗಿನ ಪದದ, ಎತ್ತುಗಡೆಯನ್ನು ಹಾರ್ಮೋನಿಯಂ ಮೇಲೆ ನುಡಿಸಿದರು. ಮುಂದಿನ ಸಾಲಿನವರು ಹಿಡಿದರು, ಹಿಂದಿನವರು ಸೇರಿಕೊಂಡರು. ಕಥೆಯಲ್ಲಿ ಕೃಷ್ಣ ಬರುವುದಕ್ಕೆ ಮುಂಚೆಯೇ ಮಂಗಳವಾಯಿತು. ನಾನು ಅದೇ ಜಾಗದಲ್ಲಿ, ಪಟ್ಟಿಯ ಹಾಳೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಅಹಮದಾಬಾದಿಗೆ ಮರಳಿದ ಮೇಲೆ ಬೇರೆ ಆಸ್ಪತ್ರೆಯಲ್ಲಿ ಗಂಟಲು ತಜ್ಞರು ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ, ಮಿಣಮಿಣ ಬೆಳಕಿನಲ್ಲಿ ನನ್ನ ಧ್ವನಿತಂತುಗಳನ್ನು ನನಗೇ ತೋರಿಸಿದರು. ಅವು ಎರಡು, ಮುತ್ತಿನ ಬಣ್ಣದ ಪಟ್ಟಿಗಳು. ಹೆಂಗಸರು ಮಾತಾಡುವಾಗ ಸೆಕೆಂಡಿಗೆ ಸುಮಾರು 200 ಸಲ ಕೂಡಿ ಬೇರೆಯಾಗುತ್ತವೆ, ಹಾಡುವಾಗ ಇನ್ನೂ ಹೆಚ್ಚು. ನನ್ನ ಎಡಗಡೆಯದು ಕೆಂಪಗೆ ಬಾತಿತ್ತು. ಮೊದಲಿನಿಂದ ಅಲ್ಲಿ ಒಂದು ಸಣ್ಣ ಗಂಟು ಬೆಳೆದಿತ್ತು, ಅದರ ರಕ್ತನಾಳ ಒಡೆದು ಒಳಗೇ ರಕ್ತ ಇಳಿದಿತ್ತು. ಬಲಗಡೆಯದು ದಿನವೂ ಆ ಗಂಟಿಗೆ ತಾಗಿ ತಾಗಿ ದಪ್ಪವಾಗಿತ್ತು. ಗಂಟಲು ಬಿಗಿದು ತೆಗೆಯುವ ದನಿಗಳಿಂದಲೇ ಹೀಗಾಗುತ್ತದೆ ಎಂದರು. ಯಾವ ದನಿ ಅದೆಂದು ನನಗೆ ಗೊತ್ತಿತ್ತು.

ರಕ್ತ ಇಂಗುವ ತನಕ ಒಂದು ಶಬ್ದವೂ ಆಡಬಾರದು, ಪಿಸುಮಾತೂ ಕೂಡದು ಎಂದು ಅಪ್ಪಣೆಯಾಯಿತು. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಒತ್ತಿ ಪಿಸುಗುಟ್ಟುವುದು ಮಾತಿಗಿಂತ ಕೇಡು. ಗಂಟಲು ಕ್ಯಾಕರಿಸಿ ಸರಿಮಾಡಿಕೊಳ್ಳುವುದೂ ಹಾಗೆಯೇ, ತಂತುಗಳನ್ನು ಒಂದಕ್ಕೊಂದು ಅಪ್ಪಳಿಸಿದಂತೆ. ನುಂಗುವುದು, ನೀರು ಗುಟುಕರಿಸುವುದು, ಹಬೆ ತೆಗೆದುಕೊಳ್ಳುವುದು, ಇಷ್ಟೇ ಮಾಡಬೇಕು.

ಆ ಮೌನದ ದಿನಗಳ ಬಗ್ಗೆ ಹೇಳುವುದು ಕಷ್ಟ. ಧಾರವಾಡದಲ್ಲಿರುವ ಅವ್ವ ದಿನಾ ರಾತ್ರಿ ಫೋನ್ ಮಾಡುತ್ತಿದ್ದಳು. ಅವಳು ಮಾತಾಡುತ್ತಾ ಹೋಗುವಳು. ಹೌದು ಅನ್ನಲು ನಾನು ಬಳೆಯಿಂದ ಫೋನಿಗೆ ಒಂದು ಸಲ ತಟ್ಟುತ್ತಿದ್ದೆ, ಇಲ್ಲ ಅನ್ನಲು ಎರಡು ಸಲ. “ಊಟ ಆತೇನವ್ವಾ?” ಟಕ್. “ಅಳಾಕತ್ತೀಯೇನ?” ಟಕ್ ಟಕ್. ಎರಡನೆಯ ಉತ್ತರ ಯಾವಾಗಲೂ ನಿಜವಾಗಿರುತ್ತಿರಲಿಲ್ಲ. ಅವ್ವನಿಗೆ ಅದು ಗೊತ್ತಾಗುತ್ತಿತ್ತು ಎಂದು ಕಾಣುತ್ತದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟು ಓಣಿಯ ಸುದ್ದಿ ಹೇಳತೊಡಗಿದಳು.

ನಮ್ಮ ಸೊಸೈಟಿಯಲ್ಲಿ ಜೈನ ಮನೆಗಳು ಬಹಳ. ಚಾತುರ್ಮಾಸ ನಡೆದಿತ್ತು, ಅವರ ಉಪವಾಸದ ಪರ್ವ ಪರ್ಯೂಷಣ ಹತ್ತಿರ ಬಂದಿತ್ತು. ನಾನು ಬಾಯಿ ಬಿಡದೆ ಸ್ಲೇಟು ಹಿಡಿದು ಓಡಾಡುವುದನ್ನು ಕಂಡ ನೆರೆಯವರು ಮೌನವ್ರತ ಹಿಡಿದಿದ್ದೇನೆ ಎಂದುಕೊಂಡರು. ಲಿಫ್ಟಿನಲ್ಲಿ ಕೈಮುಗಿದರು. ಎಲ್ಲರೂ ‘ಬಾ’ ಎಂದು ಕರೆಯುವ ಎದುರುಮನೆಯ ಅಜ್ಜಿ ತಮ್ಮ ಉಪವಾಸದ ನಡುವೆಯೂ ನಮ್ಮ ಬಾಗಿಲಿಗೆ ಬಂದು, “ಬೇಟಾ, ಧನ್ಯ ಛೇ ತಮನೇ” ಎಂದು ತಲೆ ಸವರಿದರು. ತರಕಾರಿ ಗಾಡಿಯವನು ಕೊತ್ತಂಬರಿ ಪುಕ್ಕಟೆ ಹಾಕಿದ. ಇದು ವ್ರತವಲ್ಲ, ಕಾಯಿಲೆ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಬಾ ಕನ್ನಡಕವಿಲ್ಲದೆ ಅದನ್ನು ಓದಲಿಲ್ಲ, ಮತ್ತೆ ತಲೆ ಸವರಿದರು. ಅವರ ಅಂಗೈಯ ಬಿಸಿ ಮಾತ್ರ ನಿಜವಾಗಿತ್ತು, ಅದನ್ನು ಇಟ್ಟುಕೊಂಡೆ.

ಹಣದ ಸಂಕಟ ಬೇರೆ. ಗಣೇಶ ಚತುರ್ಥಿ, ನವರಾತ್ರಿ, ಶರದ್ ಪೂರ್ಣಿಮೆಗೆ ತೆಗೆದುಕೊಂಡಿದ್ದ ಮುಂಗಡವನ್ನೆಲ್ಲ ವಾಪಸ್ ಕಳಿಸಿದೆ. ನನ್ನ ಮನೆ ನನ್ನ ಗಳಿಕೆಯ ಮೇಲೊಂದೇ ನಿಂತಿರಲಿಲ್ಲ. ಮಾಸ್ತರರದ್ದು, ತಬಲಾ ಹುಡುಗನದ್ದು ಹಾಗಲ್ಲ. ಹುಡುಗ ಗರ್ಬಾ ತಂಡವೊಂದನ್ನು ಸೇರಿಕೊಂಡ. ಮಾಸ್ತರರು ಯಾವ ತಂಡಕ್ಕೂ ಹೋಗದೆ ಮನೆಪಾಠ ಹೆಚ್ಚಿಸಿಕೊಂಡರು. ಒಬ್ಬ ಸಂಘಟಕರು ಹಳೆಯ ರೆಕಾರ್ಡಿಂಗ್ ಹಾಕುತ್ತೇವೆ, ನೀವು ವೇದಿಕೆಯ ಮೇಲೆ ಬಾಯಾಡಿಸಿದರೆ ಸಾಕು, ಪೂರ್ತಿ ಸಂಭಾವನೆ ಕೊಡುತ್ತೇವೆ ಎಂದು ಹೇಳಿಕಳಿಸಿದರು. ನನ್ನ ಯಜಮಾನರು ಆ ಮಾತನ್ನು ನನಗೆ ಓದಿ ಹೇಳಿ, ಮುಖ ನೋಡಿ, ಅಲ್ಲೇ ಬೇಡವೆಂದು ಉತ್ತರಿಸಿದರು. ಕಥೆ ಕೇಳಲು ಬಂದವರ ಕಣ್ಣು ನೋಡಿ ಒಂದು ಮಾತು ಹೆಚ್ಚು, ಒಂದು ಮಾತು ಕಡಿಮೆ ಮಾಡುವುದೇ ಕೀರ್ತನೆ. ಸೂರತ್‌ನ ಆ ಸಂಜೆ ಕಳೆದ ಮೇಲೆ ಬಾಯಿ ಮಾತ್ರ ಆಡಿಸುವುದು ನನ್ನಿಂದ ಸಾಧ್ಯವಿರಲಿಲ್ಲ.

ರಕ್ತ ಇಂಗಿತು, ಗಂಟು ಇಂಗಲಿಲ್ಲ. ನವರಾತ್ರಿ ಮುಗಿದ ಮೇಲೆ ಶಸ್ತ್ರಚಿಕಿತ್ಸೆ. ಒಪ್ಪಿಗೆ ಪತ್ರದಲ್ಲಿ ‘ದನಿ ಮೊದಲಿನಂತೆ ಆಗದಿರಬಹುದು’ ಎಂಬ ಅರ್ಥದ ಸಾಲಿತ್ತು. ಅದರ ಕೆಳಗೆ ಸಹಿ ಹಾಕುವಾಗ ಕೈ ನಡುಗಿತು. ಪ್ರಜ್ಞೆ ತಪ್ಪಿಸಿ, ಬಾಯಿಯ ಮೂಲಕ ನಳಿಕೆ ಇಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಗಂಟು ತೆಗೆದರು. ಹೊರಗೆ ಗಾಯ ಕಾಣುವುದಿಲ್ಲ. ಎಚ್ಚರಾದಾಗ ನಾಲಿಗೆ ಜಡವಾಗಿತ್ತು, ಹಲ್ಲುಗಳು ನೋಯುತ್ತಿದ್ದವು. ಮತ್ತೆ ಒಂದು ವಾರ ಮೌನ. ಬಂದವರೆಲ್ಲ ಎಲ್ಲಾ ಸರಿಯಾಗುತ್ತದೆ ಎನ್ನುತ್ತಿದ್ದರು. ಮಾಸ್ತರರು ಮಾತ್ರ ಬಂದು, “ಅಕ್ಕಾರ, ದನಿ ಬರಲಿಲ್ಲಂದ್ರ ನೀವು ಅಭಿನಯ ಮಾಡ್ರಿ, ನಾ ಹಾಡತೀನಿ. ನನ್ನ ದನಿ ಚಂದಿಲ್ಲ, ಆದ್ರ ಶ್ರುತಿ ಬಿಡೂದಿಲ್ಲ” ಅಂದರು. ಅಷ್ಟು ದಿನಗಳಲ್ಲಿ ನನಗೆ ನಿಜವಾಗಿ ಬಲ ಬಂದದ್ದು ಆ ಮಾತಿನಿಂದ.

ಎಂಟನೆಯ ದಿನ ವೈದ್ಯರು “ಈ” ಅನ್ನಿ ಅಂದರು. ಬಂದ ದನಿ ನನ್ನದಾಗಿರಲಿಲ್ಲ. ಸಣ್ಣ ಹುಡುಗನ ಹಾಗೆ ಒಡಕಾಗಿ, ಒದ್ದೆಯಾಗಿ ಬಂತು. ವೈದ್ಯರು ಸಂತೋಷಪಟ್ಟರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಅಲ್ಲಿಂದ ಮುಂದಿನದ್ದು ಬರೀ ದುಡಿಮೆ. ಧ್ವನಿ ಚಿಕಿತ್ಸಕಿ ನನ್ನ ಮಗಳ ವಯಸ್ಸಿನ ಹುಡುಗಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವಳು. ಅಹಮದಾಬಾದಿನಲ್ಲಿ ಕನ್ನಡದಲ್ಲಿ ಗಂಟಲಿನ ಪಾಠ ಹೇಳುವವಳು ಸಿಗುತ್ತಾಳೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅರ್ಧ ಲೋಟ ನೀರು, ಅದರಲ್ಲಿ ಒಂದು ಕೊಳವೆ. ಕೊಳವೆ ಕಚ್ಚಿ ‘ಊ’ ಎಂದು ಊದುತ್ತಾ ನೀರಿನಲ್ಲಿ ಗುಳ್ಳೆ ಎಬ್ಬಿಸಬೇಕು. ಗುಳ್ಳೆ ಒಂದೇ ಸಮ ಬಂದರೆ ಉಸಿರು ಸರಿ, ತಂತುಗಳು ಹಗುರವಾಗಿ ಕೂಡುತ್ತಿವೆ. ನಡುವೆ ಕಡಿದರೆ ಎಲ್ಲೋ ಬಿಗಿಯುತ್ತಿದ್ದೇನೆ. ಕೊಳವೆಯಾದ ಮೇಲೆ ತುಟಿ ಮುಚ್ಚಿ ಗುಂಯ್ ಅನ್ನಿಸುವುದು, ಆಮೇಲೆ ಒಂದೊಂದೇ ಸ್ವರ. ಮಾಸ್ತರರು ಶ್ರುತಿಯನ್ನು ಕರಿ ಐದರಿಂದ ಕರಿ ನಾಲ್ಕಕ್ಕೆ ಇಳಿಸಿದರು. ತಾರಸ್ಥಾಯಿಯ ಪಂಚಮ ಮರಳಿ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ನರಸಿಂಹನ ಪದವನ್ನು ಬೇರೆ ರಾಗದಲ್ಲಿ, ಕೆಳಗಿನ ಸ್ವರಗಳಲ್ಲಿ ಕಟ್ಟಿಕೊಂಡೆವು.

ಮುದುಕಿಯ ಪ್ರಶ್ನೆ ಉಳಿದಿತ್ತು. ಆ ಕರಕರ ದನಿ ಜನ್ಮದಲ್ಲಿ ಇನ್ನೊಮ್ಮೆ ತೆಗೆಯಬೇಡಿ ಎಂದು ಹುಡುಗಿ ಖಡಾಖಂಡಿತವಾಗಿ ಹೇಳಿದಳು. ಆ ದನಿ ಇಲ್ಲದ ಮುದುಕಿ ಮುದುಕಿಯೇ ಅಲ್ಲ ಎಂದು ನಾನು ವಾದಿಸಿದೆ. ಪ್ರಯೋಗವನ್ನೇ ಬಿಟ್ಟುಬಿಡುವ ಮಾತೂ ಆಡಿದೆ. ಅವಳು ಕೇಳಿದ್ದು ಒಂದೇ: “ಆಂಟಿ, ಅವಳಿಗೆ ಅಷ್ಟು ವಯಸ್ಸು, ಮನೆಯಲ್ಲಿ ಎಲ್ಲರೂ ಹೆದರುತ್ತಾರೆ ಅಂತೀರಿ. ಹಾಗಿದ್ದರೆ ಅವಳು ಯಾಕೆ ಕೂಗಬೇಕು?”

ನಾನು ಉತ್ತರ ಕೊಡಲಿಲ್ಲ. ಆದರೆ ಧಾರವಾಡದ ನಮ್ಮ ಓಣಿಯಲ್ಲಿ ಇದ್ದ ಒಬ್ಬ ಹಿರಿಯಾಕೆ ಅವತ್ತು ರಾತ್ರಿ ನೆನಪಾದರು. ಸೊಸೆಯಂದಿರು ಅವರ ಎದುರು ಉಸಿರೆತ್ತುತ್ತಿರಲಿಲ್ಲ. ಅವರು ಯಾವತ್ತೂ ದನಿ ಏರಿಸಿದವರಲ್ಲ. ಅಡಕೆ ಕತ್ತರಿಸುತ್ತಾ, ತಲೆ ಎತ್ತದೆ, ಸಹಜ ದನಿಯಲ್ಲಿ ಒಂದು ಮಾತು ಹೇಳುವರು. ಅಡಕತ್ತರಿ ಟಕ್ ಎನ್ನುವುದು. ಆಮೇಲೆ ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಅಡಕತ್ತರಿ ಇತ್ತು. ಅದನ್ನು ತೆಗೆದು, ಎಣ್ಣೆ ಹಾಕಿ, ಕನ್ನಡಿಯ ಮುಂದೆ ಕೂತೆ. “ಹತ್ತು ಸೀರಿ ಬರಕೋ.” ಟಕ್. “ಹತ್ತು ಸಾಲೂದಿಲ್ಲ.” ಟಕ್. ತುಟಿ ಒಳಗೆಳೆದು, ದವಡೆ ಆಡಿಸಿ, ಮಾತು ಬರುವ ಮೊದಲೇ ಏನು ಬರುತ್ತದೆಂದು ಎದುರಿನವರಿಗೆ ಗೊತ್ತಾಗುವ ಹಾಗೆ. ಗಂಟಲಿಗೆ ಕೆಲಸವೇ ಇಲ್ಲ. ಅಡುಗೆಮನೆಯಿಂದ ಮಗಳು ಹಣಿಕಿಕ್ಕಿ ನಕ್ಕಳು, ನಾಲ್ಕೈದು ಮಾತಾದ ಮೇಲೆ ನಗು ನಿಲ್ಲಿಸಿ, “ಅವ್ವಾ, ಹೆದರಿಕಿ ಆಗ್ತದ” ಅಂದಳು.

2019ರ ಫೆಬ್ರುವರಿಯಲ್ಲಿ ಪುರಂದರದಾಸರ ಆರಾಧನೆಯ ದಿನ ಮೊದಲ ಸಲ ಜನರೆದುರು ಕೂತೆ. ನಿಂತು ಮಾಡಲಿಲ್ಲ. ಕಥೆ ಅರ್ಧದಷ್ಟು, ಪದಗಳು ಎರಡೇ, ಉಳಿದದ್ದನ್ನು ಮಾಸ್ತರರು ಹಾಡಿದರು. ಪಟ್ಟಿಯ ದೃಶ್ಯ ಬರುವಾಗ ಸೂರತ್‌ನಲ್ಲಿ ಕಂಡ ಅದೇ ಭಯ ಹೊಟ್ಟೆಯಿಂದ ಎದ್ದಿತು. ನೀರಿನ ಲೋಟ ಕೈಗೆಟುಕುವಲ್ಲೇ ಇಟ್ಟುಕೊಂಡಿದ್ದೆ. ಈಗ ಮುದುಕಿಯೇ ನೀರು ಕುಡಿಯುತ್ತಾಳೆ, ಎಲ್ಲರನ್ನೂ ಕಾಯಿಸಿ, ನಿಧಾನಕ್ಕೆ.

ಪೂರ್ಣ ಪ್ರಯೋಗವನ್ನು ಆ ವರ್ಷದ ಶ್ರಾವಣದಲ್ಲಿ ವಡೋದರದಲ್ಲಿ ಇಟ್ಟುಕೊಂಡಿದ್ದೆವು, ಪ್ರೇಮಾನಂದನ ಊರಿನಲ್ಲಿ. ಜುಲೈ 31ರಂದು ಅಲ್ಲಿ ಒಂದೇ ದಿನ 20 ಇಂಚಿನ ಆಸುಪಾಸು ಮಳೆ ಸುರಿಯಿತು. ವಿಶ್ವಾಮಿತ್ರಿ ನದಿ ಉಕ್ಕಿ ಮೊಸಳೆಗಳು ಬಡಾವಣೆಗಳಿಗೆ ನುಗ್ಗಿದವು. ಕಾರ್ಯಕ್ರಮ ಶ್ರಾವಣದ ಕೊನೆಗೆ ಹೋಯಿತು. ಬಂದವರಲ್ಲಿ ಬಹಳ ಮಂದಿಯ ಮನೆಗೆ ನೀರು ಹೊಕ್ಕಿತ್ತು. ನರಸಿಂಹ ಕುದಿಯುವ ನೀರಿನ ಹಂಡೆಯ ಮುಂದೆ ನಿಂತು ಮಲ್ಹಾರ ಎತ್ತಿಕೊಂಡಾಗ ಸಭೆಯ ಹಿಂದಿನಿಂದ ಯಾರೋ, “ಬಸ್ ಬೆನ್, ಬಸ್! ಹವೇ ನಹೀ!” ಎಂದು ಕೂಗಿದರು. ಸಭೆಯೆಲ್ಲ ಭೋರೆಂದು ನಕ್ಕಿತು. ನಾನೂ ನಕ್ಕೆ. ನರಸಿಂಹನ ದನಿಯಲ್ಲಿಯೇ ಮೇಲೆ ನೋಡಿ, ಸಾಕಂತೆ ಪ್ರಭೂ, ಒಂದು ಕೊಡದಷ್ಟೇ ಕೊಡು ಅಂದೆ. ಜನರ ನಗು ಅವತ್ತು ಮತ್ತೆ ನನ್ನದಾಯಿತು.

ಪಟ್ಟಿಯ ದೃಶ್ಯದಲ್ಲಿ ಅಡಕತ್ತರಿಯ ಸದ್ದು ಕೊನೆಯ ಸಾಲಿನ ತನಕ ಕೇಳುತ್ತಿತ್ತು. ಎರಡು ಕಲ್ಲಿನ ಮಾತಿಗೆ ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಮುಗಿದ ಮೇಲೆ ಆರತಿ ತಟ್ಟೆಗೆ ಕಾಸು ಹಾಕಲು ಬಂದ ಒಬ್ಬ ಗುಜರಾತಿ ಅಜ್ಜಿ, ಹಿಂದೊಮ್ಮೆ ನೋಡಿದ್ದವರು, ನನ್ನ ಕೈ ಹಿಡಿದು, ಮೊದಲು ನಿಮ್ಮ ಮುದುಕಿಯನ್ನು ಕಂಡರೆ ನಗು ಬರುತ್ತಿತ್ತು, ಈಗ ನನ್ನ ಅತ್ತೆ ನೆನಪಾದರು ಅಂದರು. ಆಮೇಲೆ ಮಾಸ್ತರರ ಕಡೆ ತಿರುಗಿ, ಇವರಿಗೆ ಬಿಸಿನೀರು ಕೊಡಿ, ಮಾತಾಡಿಸಬೇಡಿ ಎಂದು ಹೇಳಿ ಹೋದರು. ಮಾಸ್ತರರು ಥರ್ಮಾಸಿನ ಮುಚ್ಚಳ ಬಿಚ್ಚುತ್ತಿದ್ದರು.